ಅಂಜಿ ಹಿಡಿದ ವ್ರತ

ಮೊದಲೇ ಹೇಳಿಬಿಡುತ್ತೇನೆ, ನಾನು ಬ್ರಹ್ಮಚರ್ಯದ ವ್ರತ ಹಿಡಿದದ್ದು ವೈರಾಗ್ಯ ಬಂದು ಅಲ್ಲ. ಅಂಜಿ ಹಿಡಿದೆ. ನಮ್ಮೂರು ಮಾಲಗಾಂವದಲ್ಲಿ ಇವತ್ತಿಗೂ ನನ್ನನ್ನು ಕಂಡರೆ ಕೈ ಮುಗಿಯುವ ನಾಲ್ಕು ಮಂದಿ ಹಿರಿಯರಿದ್ದಾರೆ. ಇದು ಅವರ ಕೈಗೆ ಸಿಕ್ಕರೆ ಬೈಯಲಿ, ನಗಲಿ, ಅವರಿಷ್ಟ. ಇಷ್ಟು ವರ್ಷ ಸುಮ್ಮನಿದ್ದೆ. ಆದರೆ ಹೋದ ದ್ರಾಕ್ಷಿ ಹಂಗಾಮಿನಲ್ಲಿ ನನ್ನ ಅಂಗಡಿಗೆ ಒಬ್ಬ ಬಂದ. ಮೂವತ್ತೈದರ ಆಸುಪಾಸಿನವನು. ಗಿರಾಕಿಗಳೆಲ್ಲ ಹೋಗುವ ತನಕ ಪೈಪಿನ ಸುರುಳಿ ಮುಟ್ಟಿ ನೋಡುತ್ತ ನಿಂತ. ಆಮೇಲೆ, "ಅಣ್ಣಾ, ಬಿ.ಪಿ. ಗುಳಿಗಿ ನೀವೂ ತಗೋತೀರಲ್ಲಾ?" ಎಂದು ಕೇಳಿ, ಮುಂದೆ ಮಾತು ಬಾರದೆ, ತೋಟಕ್ಕೆ ಹೊಡೆಯುವ ಗಂಧಕ ಒಂದು ಕಿಲೋ ಕಟ್ಟಿಸಿಕೊಂಡು ಹೋಗಿಬಿಟ್ಟ. ಅವನಿಗೆ ಗಂಧಕ ಬೇಕಾಗಿರಲಿಲ್ಲ. ಒಂದು ಕಾಲಕ್ಕೆ ನಾನೂ ಹಾಗೆಯೇ ಬೇಡದ್ದನ್ನು ಕೊಂಡು ತಿರುಗಿದ್ದೇನೆ. ಅವನಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆಗ ನನಗೆ ನಲವತ್ತೊಂದು. ನಮ್ಮೂರಿಗೆ ಹತ್ತಿರದ ಮೀರಜದಲ್ಲಿ ದ್ರಾಕ್ಷಿ ತೋಟದವರಿಗೆ ಬೇಕಾದ ಔಷಧ, ಗೊಬ್ಬರ, ಹನಿ ನೀರಾವರಿಯ ಪೈಪು ಮಾರುವ ಅಂಗಡಿ ನನ್ನದು. ಅದೊಂದು ಓಟದ ಕಾಲ. ಸಾಂಗಲಿ ಮೀರಜ ರಸ್ತೆಯ ಎರಡೂ ಕಡೆ ಹೊಲ ಹೋಗಿ ಪ್ಲಾಟು ಬಂತು, ಪ್ಲಾಟು ಹೋಗಿ ಅಪಾರ್ಟ್‌ಮೆಂಟು ಬಂತು. ಮನೆಮನೆಗೆ ಕೇಬಲ್ಲು, ಮೂಲೆಮೂಲೆಗೆ ಎಸ್.ಟಿ.ಡಿ. ಬೂತು. ಹೆಸರು ಕೇಳರಿಯದ ಕಂಪನಿಗಳ ಔಷಧ ವಾರಕ್ಕೊಂದು ಬರುತ್ತಿತ್ತು, ರೈತರು ಕಂಡದ್ದನ್ನೆಲ್ಲ ಕಲಸಿ ಹೊಡೆಯುತ್ತಿದ್ದರು. ಸುಟ್ಟ ಎಲೆ ಹಿಡಿದುಕೊಂಡು ಅಂಗಡಿಗೆ ಬಂದು, "ಇದಕ್ಕೇನ್ ರೋಗ ಬಿದ್ದೈತಿ ನೋಡ್ರಿ" ಎನ್ನುವರು. ನಾನು ಎಲೆ ಕೈಗೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. "ಮೊದಲ ಹೇಳ್ರಿ, ಏನ್ ಹೊಡದೀರಿ?" ಎಂದು ಕೇಳುತ್ತಿದ್ದೆ. ಎಷ್ಟೋ ಸಲ ಎಲೆ ಸುಡುವುದು ರೋಗದಿಂದಲ್ಲ, ರೋಗಕ್ಕೆಂದು ಹೊಡೆದ ಔಷಧದಿಂದ. ಈ ಒಂದು ಪ್ರಶ್ನೆಯಿಂದಲೇ ನನ್ನ ಅಂಗಡಿಗೆ ಹೆಸರು ಬಂದಿತ್ತು.

ನನ್ನ ಬಿ.ಪಿ. ಗೊತ್ತಾದದ್ದು ವಿಮೆಯ ತಪಾಸಣೆಗೆ ಹೋದಾಗ. ಸಾಂಗಲಿಯ ಡಾಕ್ಟರು ತೋಳಿಗೆ ಸುತ್ತಿದ ಪಟ್ಟಿ ಬಿಚ್ಚಿ ಮತ್ತೆ ಸುತ್ತಿದರು, ಮತ್ತೆ ಗಾಳಿ ಊದಿ ನೋಡಿದರು. ನಿಮ್ಮ ತಂದೆಯವರಿಗೆ ಇತ್ತೇನು ಎಂದು ಮರಾಠಿಯಲ್ಲಿ ಕೇಳಿದರು. ಇತ್ತು. ಅಪ್ಪ ಲಕ್ವಾ ಹೊಡೆದು ನಾಲ್ಕು ವರ್ಷ ಹಾಸಿಗೆಯಲ್ಲಿದ್ದರು. ಹೊತ್ತು ಮುಳುಗುವುದರೊಳಗೆ ಅವರಿಗೆ ಗಂಜಿ ಕುಡಿಸುವ ಕೆಲಸ ನನ್ನದು. ಒಂದು ಬದಿಯಿಂದ ಹಾಕಿದರೆ ಇನ್ನೊಂದು ಬದಿಯಿಂದ ಹೊರಗೆ ಬರುತ್ತಿತ್ತು. ಕೊನೆಯ ವರ್ಷ ನನ್ನ ಹೆಸರು ಹೇಳಲು ಬರದೆ "ಬೂ… ಬೂ…" ಎನ್ನುತ್ತಿದ್ದರು. ನನ್ನ ಹೆಸರು ಭೂಪಾಲ. ಡಾಕ್ಟರು ಕೊಟ್ಟ ಸಣ್ಣ ಬಿಳಿ ಗುಳಿಗೆಯನ್ನು ನಾನು ದಿನಾ ಬೆಳಿಗ್ಗೆ ದೇವರ ತೀರ್ಥದ ಹಾಗೆ ತೆಗೆದುಕೊಂಡೆ. ಒಂದು ದಿನ ತಪ್ಪಿಸಿದವನಲ್ಲ.

ಅದು ಶ್ರಾವಣ. ದೀಪಾವಳಿಯ ಹೊತ್ತಿಗೆ ಒಂದು ರಾತ್ರಿ ಹಾಸಿಗೆಯಲ್ಲಿ ನನ್ನ ದೇಹ ನನ್ನ ಮಾತು ಕೇಳಲಿಲ್ಲ. ನನ್ನ ಹೆಂಡತಿ ಸುಲೋಚನಾ, "ದಣದೀರಿ, ಮಕ್ಕೋರಿ" ಎಂದಳು. ನಿಜವೇ, ಹಂಗಾಮಿನ ದಿನಗಳು, ದಣಿದಿದ್ದೆ. ವಾರದ ಮೇಲೆ ಮತ್ತೆ ಹಾಗೇ ಆಯಿತು. ಮೂರನೆಯ ಸಲ ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಆ ಕೈಯಿಂದ ನನಗೆ ಇನ್ನಷ್ಟು ಭಯವಾಯಿತು.

ಭಯ ಎಂದರೆ ಏನು ಭಯ? ಬರೆಯಲಿಕ್ಕೂ ನಾಚಿಕೆ. ಇನ್ನು ಮುಂದೆ ನಾನು ಯಾರು ಎನ್ನುವ ಭಯ. ಇವಳು ನನ್ನನ್ನು ಏನೆಂದು ತಿಳಿಯುತ್ತಾಳೆ ಎನ್ನುವ ಭಯ. ಚಹದಂಗಡಿಯಲ್ಲಿ ಗೆಳೆಯರು ಯಾರದೋ ಗಂಡಸ್ತನದ ಬಗ್ಗೆ ಚಾಷ್ಟಿ ಮಾಡಿ ನಕ್ಕರೆ, ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಬೇರೆಯವರಿಗೆ ಊಟ ಮುಗಿದರೆ ನಿದ್ದೆ ಹತ್ತಿರ. ನಮಗೆ ಊಟಕ್ಕೂ ಹಾಸಿಗೆಗೂ ನಡುವೆ ಮೂರು ನಾಲ್ಕು ತಾಸು ಖಾಲಿ ಬಿದ್ದಿರುತ್ತದೆ. ಮೊದಲೆಲ್ಲ ಆ ಹೊತ್ತು ನನ್ನದೂ ಸುಲೋಚನಾಳದೂ ಹರಟೆಯ ಹೊತ್ತು. ಈಗ ಅದನ್ನು ಎದುರಿಸುವುದು ಬೇಡವೆಂದು ಡಬ್ಬಿ ಕಟ್ಟಿಸಿಕೊಂಡು ಹೋಗಿ ಸಂಜೆ ಐದಕ್ಕೆ ಅಂಗಡಿಯಲ್ಲೇ ಉಂಡು, ಮಕ್ಕಳು ಮಲಗಿದ ಮೇಲೆ ಮನೆ ಸೇರತೊಡಗಿದೆ. ಧಂದೆ ಜೋರಾಗಿದೆ ಎಂದು ಸುಳ್ಳು ಹೇಳಿದೆ. ಅವಳು ನಂಬಿದಳೋ ಬಿಟ್ಟಳೋ, ಡಬ್ಬಿ ಮಾತ್ರ ತಪ್ಪದೆ ಕಟ್ಟಿಕೊಟ್ಟಳು.

ಕಾರಣ ಹುಡುಕಿ ಹುಡುಕಿ ಸತ್ತೆ. ವಯಸ್ಸಾಯಿತೆ? ತಂಬಾಕು ತಿನ್ನುತ್ತಿದ್ದೆ, ಅದಿರಬಹುದೆ? ಇಪ್ಪತ್ತು ವರ್ಷ ಬರಿಗೈಲೆ ವಿಷದ ಡಬ್ಬಿ ಮುಟ್ಟಿದ್ದೇನೆ, ಅದು ಮೈಗೆ ಸೇರಿತೆ? ತೋಟದ ಹುಳ ಕೋಟಿಗಟ್ಟಲೆ ಕೊಲ್ಲಿಸಿದ ಪಾಪವೆ? ನಮ್ಮ ಧರ್ಮದಲ್ಲಿ ಹುಟ್ಟಿ ಈ ಧಂದೆ ಮಾಡಬಾರದು ಎಂದು ಅವ್ವ ಮೊದಲಿನಿಂದ ಹೇಳುತ್ತಿದ್ದಳು. ಎಲ್ಲವೂ ತಲೆಗೆ ಬಂತು, ಆ ಬಿಳಿ ಗುಳಿಗೆ ಒಂದು ಬಿಟ್ಟು. ಅದು ನನ್ನನ್ನು ಕಾಯುವ ಗುಳಿಗೆಯಲ್ಲವೆ, ಅದರ ಮೇಲೆ ಯಾರಿಗೆ ಸಂಶಯ ಬರುತ್ತದೆ?

ಆಗ ರಸ್ತೆ ಬದಿಯ ಗೋಡೆಗಳ ಮೇಲೆಲ್ಲ ಬರೆಸಿರುತ್ತಿದ್ದರು, ಗುಪ್ತರೋಗಕ್ಕೆ ಖಾತ್ರಿಯ ಇಲಾಜು ಎಂದು. ಮೊದಲು ಓದಿ ನಗುತ್ತಿದ್ದವನು ಈಗ ಬಸ್ಸಿನ ಕಿಟಕಿಯಿಂದ ಆ ವಿಳಾಸಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಕೊನೆಗೆ ಒಂದು ದಿನ ಸ್ಟೇಶನ್ನಿನ ಹತ್ತಿರದ ಒಂದು ಮಾಳಿಗೆ ಹತ್ತಿದೆ. ಬೆಂಚಿನ ಮೇಲೆ ಆರು ಮಂದಿ, ಆರೂ ಮಂದಿ ಮುಖದ ಮುಂದೆ ಪೇಪರು. ಒಬ್ಬ ಹಿಡಿದದ್ದು ತಲೆಕೆಳಗಾಗಿತ್ತು. ನಾನು ಕುಳಿತ ಮೇಲೆ ಪಕ್ಕದವನ ಪೇಪರು ಸರಿಯಿತು, ನೋಡಿದರೆ ಬುಧಗಾಂವದ ಬಾಳಗೊಂಡ, ನನ್ನ ಖಾಯಂ ಗಿರಾಕಿ.

"ಭೂಪಾಲಣ್ಣ! ನೀವು ಇಲ್ಲಿ?"

"ಮಂಡಿನೋವು" ಎಂದೆ. "ನೀ?"

"ನಂದೂ ಮಂಡೀನ ರೀ" ಎಂದ.

ಇಬ್ಬರೂ ಅರ್ಧ ತಾಸು ಮಂಡಿನೋವಿನ ಬಗ್ಗೆ ಮಾತಾಡಿದೆವು. ಎಳ್ಳೆಣ್ಣೆ ತಿಕ್ಕಬೇಕೆಂದು ಅವನು ಹೇಳಿದ. ಈಗ ನೆನೆದರೆ ನಗು ಬರುತ್ತದೆ. ಆಗ ನನಗೆ ಒಂದೇ ಚಿಂತೆ, ಇವನು ಬುಧಗಾಂವದ ಕಟ್ಟೆಯ ಮೇಲೆ ಹೇಳಿದರೆ ಏನು ಗತಿ ಎಂದು. ಅವನಿಗೂ ಅದೇ ಅಂಜಿಕೆ ಇದ್ದಿರಬೇಕು. ಆ ಹಂಗಾಮಿನಲ್ಲಿ ಅವನು ಅಂಗಡಿಗೆ ಬರಲೇ ಇಲ್ಲ.

ಒಳಗಿದ್ದಾತ ನನ್ನ ನಾಡಿ ಹಿಡಿದು, ಕಣ್ಣು ಮುಚ್ಚಿ, ಹುಡುಗುತನದ ತಪ್ಪುಗಳ ಫಲ ಎಂದ. ಇನ್ನು ಆರು ತಿಂಗಳು ಬಿಟ್ಟು ಬಂದಿದ್ದರೆ ಕೈಮೀರುತ್ತಿತ್ತು ಎಂದ. ಏನು ಗುಳಿಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ಡಬ್ಬಿ ಲೇಹ್ಯ ಕೊಟ್ಟ. ಅದನ್ನು ಅಂಗಡಿಯಲ್ಲಿ ಗಂಧಕದ ಚೀಲಗಳ ಹಿಂದೆ ಬಚ್ಚಿಟ್ಟುಕೊಂಡು ತಿಂದೆ. ಎದೆ ಡಬಡಬ ಹೊಡೆದುಕೊಳ್ಳತೊಡಗಿತು, ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಹೆದರಿ ಸಾಂಗಲಿಯ ಡಾಕ್ಟರ ಹತ್ತಿರ ಓಡಿದರೆ ಬಿ.ಪಿ. ಏರಿತ್ತು. ಲೇಹ್ಯದ ಸುದ್ದಿ ನಾನು ಹೇಳಲಿಲ್ಲ. ಏನಾದರೂ ಬೇರೆ ತೊಂದರೆ ಇದೆಯೇ ಎಂದು ಅವರು ಕೇಳಿದರು, ಇಲ್ಲ ಎಂದೆ. ಪಾಪ, ಅವರೇನು ಮಾಡಬೇಕು? ಉಪ್ಪು ಕಡಿಮೆ ಮಾಡಿ ಎಂದು ಗದರಿಸಿ ಬಿಳಿ ಗುಳಿಗೆ ಒಂದಿದ್ದದ್ದನ್ನು ಎರಡು ಮಾಡಿದರು. ಲೇಹ್ಯವನ್ನು ಗಟಾರಕ್ಕೆ ಚೆಲ್ಲಿದೆ, ಉಪ್ಪು ಪೂರ್ತಿ ಬಿಟ್ಟೆ, ಗುಳಿಗೆ ಎರಡೆರಡು ನುಂಗಿದೆ. ಅದಾದ ಮೇಲೆ ದೇಹದ ಆ ಭಾಗ ನನ್ನದೇ ಅಲ್ಲವೇನೋ ಎನ್ನುವಂತಾಯಿತು.

ಮರುವರ್ಷ ಮುನಿ ಮಹಾರಾಜರೊಬ್ಬರ ಚಾತುರ್ಮಾಸ ನಮ್ಮ ಊರಲ್ಲೇ ಇತ್ತು. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ಒಂದೇ ಊರಲ್ಲಿ ನಿಲ್ಲುತ್ತಾರೆ, ದಿನಾ ಪ್ರವಚನ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ, ದಿನಕ್ಕೊಂದು ಧರ್ಮಗುಣದಂತೆ, ಹತ್ತು ದಿನ ಬಸದಿಯ ಮುಂದಿನ ಮಂಟಪ ತುಂಬಿ ತುಳುಕುತ್ತದೆ. ಕೊನೆಯ ದಿನ ಬ್ರಹ್ಮಚರ್ಯದ್ದು. ಅವತ್ತು ಜನ ಒಬ್ಬೊಬ್ಬರಾಗಿ ಎದ್ದು ನಿಂತು, ತೆಂಗಿನಕಾಯಿ ಹಿಡಿದು, ಯಾವುದಾದರೂ ಒಂದನ್ನು ಬಿಡುವ ನಿಯಮ ತೆಗೆದುಕೊಳ್ಳುತ್ತಾರೆ. ಒಬ್ಬರು ಬಟಾಟೆ ಬಿಡುತ್ತಾರೆ, ಒಬ್ಬರು ತುಪ್ಪ ಬಿಡುತ್ತಾರೆ. ಕೆಲವು ಗಂಡ ಹೆಂಡಿರು ಮನೆಯಲ್ಲಿ ಮಾತಾಡಿಕೊಂಡು ಬಂದು ಇಂತಿಷ್ಟು ಕಾಲ ಬ್ರಹ್ಮಚರ್ಯ ಎಂದು ಜೋಡಿಯಾಗಿ ಎದ್ದು ನಿಲ್ಲುತ್ತಾರೆ.

ನಾನು ಒಬ್ಬನೇ ಎದ್ದು ನಿಂತೆ. ಮೊದಲೇ ಯೋಚಿಸಿರಲಿಲ್ಲ. ಇದೊಂದು ಹಿಡಿದರೆ ಒಂದು ವರ್ಷ ಯಾರೂ ಏನೂ ಕೇಳುವುದಿಲ್ಲ, ಹಾಸಿಗೆಯಲ್ಲಿ ಯಾವ ಪರೀಕ್ಷೆಯೂ ಇಲ್ಲ ಎಂದು ಹೊಳೆಯಿತು. ಅಷ್ಟೇ. ಕಾಲು ತಾವೇ ಎದ್ದವು.

"ಮಹಾರಾಜ, ಒಂದು ವರ್ಷ ಬ್ರಹ್ಮಚರ್ಯ."

ಮಂಟಪದ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಲವತ್ತೆರಡರ ಗಂಡಸು, ಓಡುವ ಧಂದೆಯವನು. ಮುನಿಗಳು ನನ್ನನ್ನು ನೋಡಿದರು.

"ಮನಿಯವರ ಸಮ್ಮತಿ ಐತೇನಪಾ?"

ನಾನು ಬಾಯಿ ಬಿಡುವ ಮೊದಲೇ ಎಲ್ಲರ ಕಣ್ಣು ಹೆಂಗಸರ ಬದಿಗೆ ಹೊರಳಿದವು. ಸುಲೋಚನಾ ಅವ್ವನ ಪಕ್ಕ ಕುಳಿತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ಅಷ್ಟು ಜನರ ಮುಂದೆ ಏನು ಮಾಡಿಯಾಳು? ಸೆರಗು ತಲೆಯ ಮೇಲೆ ಎಳೆದುಕೊಂಡು ಒಂದು ಸಲ ತಲೆ ಅಲ್ಲಾಡಿಸಿದಳು. ಜಯಕಾರ ಆಯಿತು. ಯಾರೋ ನನ್ನ ಕೊರಳಿಗೆ ಹಾರ ಹಾಕಿದರು. ನನ್ನ ಮೈ ಹಗುರವಾಯಿತು, ಒಂದು ವರ್ಷ ಬಚಾವು ಅನ್ನಿಸಿತು. ಅವಳ ಕಡೆ ಮತ್ತೆ ನೋಡಲಿಲ್ಲ.

ಈಗ ನಮ್ಮ ಸುಲೋಚನಾಳ ಮನೆತನದ ಒಂದು ಸಂಗತಿ ಹೇಳಬೇಕು. ಅವಳ ಕಾಕಾ ಒಬ್ಬರು, ಅವಳನ್ನು ಎತ್ತಿ ಆಡಿಸಿದವರು, ಮನೆ ಮಕ್ಕಳು ಬಿಟ್ಟು ದೀಕ್ಷೆ ತೆಗೆದುಕೊಂಡು ಮುನಿಯಾಗಿ ಹೋದವರು. ಸಮಾಜಕ್ಕೆ ಅದು ದೊಡ್ಡ ಹೆಮ್ಮೆ. ಆದರೆ ಸುಲೋಚನಾ ಚಿಕ್ಕವಳಿದ್ದಾಗ ತನ್ನ ಕಾಕಿಯನ್ನು ನೋಡಿದವಳು. ಅವರು ಹೋದದ್ದು ಒಂದೇ ದಿನಕ್ಕಲ್ಲ. ಮೊದಲು ಬ್ರಹ್ಮಚರ್ಯ ಹಿಡಿದರು, ಆಮೇಲೆ ಉಪ್ಪು ಬಿಟ್ಟರು, ಆಮೇಲೆ ಚಪ್ಪಲಿ ಬಿಟ್ಟರು, ಒಂದು ದಿನ ಮನೆ ಬಿಟ್ಟರು. ಇದನ್ನೆಲ್ಲ ನಾನು ಮದುವೆಯಾದ ಹೊಸದರಲ್ಲೇ ಅವಳ ಬಾಯಿಂದ ಕೇಳಿದ್ದೆ. ಕೇಳಿಯೂ ಮರೆತಿದ್ದೆ. ನನ್ನ ಹೊಟ್ಟೆಯೊಳಗಿನ ಅಂಜಿಕೆಯೇ ನನಗೆ ದೊಡ್ಡದಾಗಿತ್ತು.

ಊರಲ್ಲಿ ಮರ್ಯಾದೆ ಏರಿತು. ಬಸದಿಯ ಪಂಚಕಲ್ಯಾಣ ಉತ್ಸವದ ಕಮಿಟಿಗೆ ಕರೆದರು. ಹಿರಿಯರು ಕೈ ಮುಗಿದರು. ಚಹದಂಗಡಿಯ ಗೆಳೆಯರು ನಾನು ಹೋದರೆ ಚಾಷ್ಟಿಯ ಮಾತು ನಿಲ್ಲಿಸಿದರು. ಮನೆಯಲ್ಲಿ ಮಾತ್ರ ಏನೋ ಬದಲಾಗಿತ್ತು. ಬೆಳಗಿನ ಊಟಕ್ಕೆ ಉಪ್ಪಿಲ್ಲದ ನನ್ನ ಪಲ್ಯವನ್ನು ಬಡಿಸುವಾಗ ಸುಲೋಚನಾಳ ಕೈ ನಿಲ್ಲುತ್ತಿತ್ತು. ಮೊದಲು ಬಿ.ಪಿ.ಯ ಪಥ್ಯ ಎಂದುಕೊಂಡವಳು ಈಗ ಬೇರೆ ಲೆಕ್ಕ ಹಾಕುತ್ತಿದ್ದಳು. ಒಂದು ದಿನ, "ಡಾಕ್ಟರ್ ಕಮ್ಮಿ ಮಾಡಂದಿದ್ರು, ಪೂರಾ ಬಿಡಂದಿದ್ರೇನ್ರಿ?" ಎಂದು ಕೇಳಿದಳು. "ಇರಲಿ ಬಿಡು, ನಾಲಿಗಿಗೆ ರೂಢಿ ಆಗೈತಿ" ಎಂದೆ. ಅವಳು ಒಳಗೆ ಹೋದಳು. ಮಗಳು ಒಂಬತ್ತನೆಯ ಇಯತ್ತೆ, ಅವಳನ್ನು ಕರೆದು ಪಕ್ಕ ಕೂರಿಸಿಕೊಂಡು ಬಹಳ ಹೊತ್ತು ಅವಳ ತಲೆ ಬಾಚಿದಳು. ನನಗೆ ಅರ್ಥವಾಗಲಿಲ್ಲ. ನಾನು ದಿನ ಎಣಿಸುತ್ತಿದ್ದೆ, ಇನ್ನು ಎಂಟು ತಿಂಗಳು, ಇನ್ನು ಏಳು ತಿಂಗಳು, ಅದಾದ ಮೇಲೆ ಏನು ಸುಳ್ಳು ಹೇಳಲಿ ಎಂದು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ. ಮೋಟರ್‌ಸೈಕಲ್ಲು ಗ್ಯಾರೇಜಿನಲ್ಲಿತ್ತು, ಬಸ್ಸಿಗೆ ಬಂದೆ. ನಮ್ಮೂರ ಸ್ಟ್ಯಾಂಡಿನಲ್ಲಿ ಇಳಿಯುವಾಗ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಹಳೆಯದು, ಹೊಲಿದು ಹೊಲಿದು ಜಾಳಾಗಿತ್ತು. ಎರಡನ್ನೂ ಅಲ್ಲೇ ಬಿಸಾಡಿ ಬರಿಗಾಲಲ್ಲಿ ಮನೆಗೆ ನಡೆದೆ. ಸುಲೋಚನಾ ಅಂಗಳದಲ್ಲಿ ಅರಿಷಿಣ ಹರವಿದ್ದಳು. ತಲೆ ಎತ್ತಿ ನನ್ನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. ಅರಿಷಿಣದ ಕೈಯಲ್ಲೇ ಹೊಸ್ತಿಲು ಹಿಡಿದು ಕುಸಿದು ಕುಳಿತಳು.

"ಚಪ್ಪಲಿನೂ ಬಿಟ್ರೇನ್ರಿ?"

"ಏ, ಏನಾತು ನಿನಗ?"

"ನನಗೇನಾಗ್ಬೇಕು? ನಾ ಏನೂ ಅನ್ನೂದಿಲ್ಲ. ಧರ್ಮದ ಕೆಲಸಕ್ಕ ಅಡ್ಡ ಬರಾಕಿ ಅಲ್ಲ ನಾ. ಒಂದ ಒಂದು ಕೇಳ್ತೇನಿ. ಮಗಳ ಲಗ್ನ ಮಾಡಿ ದೀಕ್ಷಾ ತಗೋರಿ. ಆಕಿ ಕೈಹಿಡದು ಧಾರಿ ಎರದು ಹೋಗ್ರಿ. ನಮ್ಮ ಕಾಕಿ ಒಬ್ಬಾಕಿನ ನಿಂತು ಧಾರಿ ಎರದ್ಲು, ಅದನ್ನ ನಾ ಕಣ್ಣಾರೆ ನೋಡೇನಿ."

ಆಗ ನನಗೆ ತಿಳಿಯಿತು. ಐದು ತಿಂಗಳು ಈ ಹೆಂಗಸು ನನ್ನ ಪಕ್ಕದಲ್ಲೇ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಡಬ್ಬಿ ಕಟ್ಟಿದ್ದಳು. ನನ್ನ ಅಂಜಿಕೆಗೆ ನಾನೊಂದು ಮರೆ ಹುಡುಕಿಕೊಂಡೆ, ಆ ಮರೆಯ ಆಚೆ ಅವಳು ಒಬ್ಬಳೇ ನಿಂತಿದ್ದಳು. ಈಗಲಾದರೂ ಹೇಳದಿದ್ದರೆ ನಾನು ಮನೆಯಲ್ಲಿದ್ದೂ ಇವಳಿಗೆ ಇಲ್ಲದವನೇ. ಒಳಗೆ ಅವ್ವ ಜಪದಲ್ಲಿದ್ದಳು. ನಾನು ಅಲ್ಲೇ ಅರಿಷಿಣದ ಪಕ್ಕ ನೆಲಕ್ಕೆ ಕುಳಿತೆ.

"ದೀಕ್ಷಾ ಅಲ್ಲ ಸುಲೂ. ಚಪ್ಪಲಿ ಹರೀತು, ಒಗದು ಬಂದೇನಿ. ವ್ರತಾನೂ… ಅದು ವೈರಾಗ್ಯ ಅಲ್ಲ. ನನ್ನ ಕೈಲೆ ಆಗವಲ್ದು. ನಿನಗೂ ಗೊತ್ತೈತಿ. ನಿನ್ನ ಮುಂದ ಮತ್ತ ಮತ್ತ ಸೋಲಾಕ ಅಂಜಿ ಎದ್ದು ನಿಂತೆ."

ಅವಳು ನನ್ನ ಮುಖ ನೋಡಿದಳು. ಈಗ ಮುಖ ತಿರುಗಿಸುತ್ತಾಳೆ ಎಂದುಕೊಂಡೆ. ಒಂದು ವರ್ಷಕ್ಕೂ ಮೇಲೆ ನಾನು ಹೆದರಿ ಸತ್ತದ್ದು ಇದೇ ಕ್ಷಣಕ್ಕೆ.

"ಬರೀ ಇಷ್ಟ ಏನ್ರಿ?" ಎಂದಳು.

ಆಮೇಲೆ ಸಿಟ್ಟು ಬಂತು ನೋಡಿ. ಅಂಥ ಸಿಟ್ಟು ನಾನು ಅವಳಲ್ಲಿ ಅದುವರೆಗೆ ಕಂಡಿರಲಿಲ್ಲ. "ನೀವು ಇದ್ದೂ ನಾ ಗಂಡ ಇಲ್ಲದಾಕಿಯಾಗಿ ಕುಂತೆನಲ್ಲಾ! ನಸುಕಿನ್ಯಾಗ ಎದ್ದು ನಿಮ್ಮ ಅಂಗಿ ಗೂಟದ ಮ್ಯಾಲ ಐತೋ ಇಲ್ಲೋ ನೋಡ್ತಿದ್ದೆ. ಅಷ್ಟು ಮಂದಿ ಮುಂದ ನನ್ನ ತಲಿ ಅಲ್ಲಾಡಸಾಕ ಹಚ್ಚೀರಿ. ಒಂದು ಮಾತು, ಒಂದ ಮಾತು ನನ್ನ ಮುಂದ ಹೇಳಾಕ ನಿಮ್ಮ ಗಂಟೇನ ಹೋಗತಿತ್ತು?" ಅಂದು ಅತ್ತಳು. ಅರಿಷಿಣದ ಕೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಹಳದಿ ಮಾಡಿಕೊಂಡಳು. ಒಳಗಿಂದ ಅವ್ವ, "ಏನಾತವಾ?" ಎಂದಳು. "ಏನಿಲ್ರಿ, ಇವರ ಚಪ್ಪಲಿ ಹರದಾವು" ಎಂದಳು ಸುಲೋಚನಾ.

ಮರುದಿನವೇ ಅವಳು ನನ್ನನ್ನು ಮೀರಜದ ಒಂದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಮೀರಜದ ಆಸ್ಪತ್ರೆಗಳ ಬಾಗಿಲಲ್ಲಿ ಯಾವಾಗಲೂ ಆ ಕಡೆಯ, ಕರ್ನಾಟಕದ ಜನ. ಗಂಟುಮೂಟೆ, ಬುತ್ತಿ, ಕಂಬಳಿ. ಇಲ್ಲಿ ಯಾರೂ ಪೇಪರು ಹಿಡಿದಿರಲಿಲ್ಲ. ಕಾಗವಾಡದ ಕಡೆಯ ಮುದುಕಿಯೊಬ್ಬಳು ನಮ್ಮ ಪಕ್ಕ ಕುಳಿತು, "ಯಾರಿಗೆ ಆರಾಮಿಲ್ಲವಾ?" ಎಂದು ಕೇಳಿದಳು. "ಇವ್ರಿಗ್ರಿ, ಬಿ.ಪಿ." ಎಂದಳು ಸುಲೋಚನಾ. ಮುದುಕಿ ತನ್ನ ಬುತ್ತಿಯ ಶೇಂಗಾ ಉಂಡೆ ಒಂದು ನನ್ನ ಕೈಗೆ ಇಟ್ಟಳು. ಮೂರು ತಾಸು ಕಾದೆವು. ಕಂಪೌಂಡರ್ ಒಂದೊಂದು ಹೆಸರು ಕೂಗಿದಾಗಲೂ ನನಗೆ ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು. ಸುಲೋಚನಾ ನನ್ನ ಅಂಗಿಯ ತುದಿ ಹಿಡಿದುಕೊಂಡೇ ಕುಳಿತಿದ್ದಳು, ಸಂತೆಯಲ್ಲಿ ಮಗುವಿನ ಅಂಗಿ ಹಿಡಿದ ಹಾಗೆ.

ಡಾಕ್ಟರು ಐವತ್ತು ದಾಟಿದವರು, ಕನ್ನಡ ಬರುತ್ತಿತ್ತು. ನಾನು ತಲೆ ತಗ್ಗಿಸಿ, ಮಂಡಿನೋವು ಎನ್ನುವ ಹಾಗೆ ಏನೋ ಗೊಣಗಿದೆ. ಅವರು ಕಾಗದ ಪಕ್ಕಕ್ಕೆ ಸರಿಸಿದರು. ಕಡೆಗೆ ಸುಲೋಚನಾಳೇ ಬಾಯಿಬಿಟ್ಟಳು. "ಡಾಕ್ಟರ್, ಗಂಡಾ ಹೆಣ್ತಿ ಕೂಡೂದು ಆಗವಲ್ದು. ವರ್ಷದ ಮ್ಯಾಲಾತು." ಅಷ್ಟೇ ಸರಳ. ಆ ಮಾತಿಗೆ ಛತ್ತು ಕುಸಿಯಲಿಲ್ಲ. ಡಾಕ್ಟರು "ಹೂಂ" ಎಂದು, ಯಾವಾಗ ಶುರುವಾಯಿತು ಎಂದು ಕೇಳಿದರು. ಆಚೆ ವರ್ಷದ ದೀಪಾವಳಿ ಎಂದೆ. ಬಿ.ಪಿ. ಗುಳಿಗೆ ಯಾವಾಗ ಶುರುವಾಯಿತು ಎಂದರು. ಅದೇ ವರ್ಷದ ಶ್ರಾವಣ. ಎರಡು ಮಾಡಿದ್ದು ಯಾವಾಗ? ಅದಾದ ಮೇಲೆ ಹೇಗಿತ್ತು? ನಾನು ಉತ್ತರ ಹೇಳುತ್ತ ಹೇಳುತ್ತ ನನ್ನ ದನಿ ಸಣ್ಣದಾಗುತ್ತ ಬಂತು.

ಸುಲೋಚನಾ ನನ್ನ ಕಡೆ ತಿರುಗಿದಳು. "ಅಂಗಡ್ಯಾಗ ಬಂದವ್ರಿಗೆಲ್ಲಾ ಮೊದಲ ಏನ್ ಕೇಳ್ತೀರಿ ನೀವು?"

ಡಾಕ್ಟರಿಗೆ ತಿಳಿಯಲಿಲ್ಲ. ನಾನು ವಿವರಿಸಿದೆ, ಸುಟ್ಟ ಎಲೆಯ ವಿಷಯ. ಅವರು ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ ಹೇಳಿದರು. ಈ ಗುಳಿಗೆ ಕೆಲವರಲ್ಲಿ ಹೀಗೆ ಮಾಡುತ್ತದೆ. ಆದರೆ ಇದೇ ಕಾರಣ ಎಂದು ಈಗಲೇ ಹೇಳಲಾರೆ. ಬಿ.ಪಿ.ಯೇ ಮಾಡಬಹುದು, ಸಕ್ಕರೆ ಕಾಯಿಲೆ ಮಾಡಬಹುದು, ತಂಬಾಕು ಮಾಡಬಹುದು, ಇವೆಲ್ಲಕ್ಕಿಂತ ಅಂಜಿಕೆಯೇ ಮಾಡಬಹುದು. ರಕ್ತ ಕೊಡಿ, ಎಲ್ಲ ನೋಡೋಣ. "ಆದ್ರ ಒಂದು ಮಾತು. ಮನಿಗೆ ಹೋಗಿ ಗುಳಿಗಿ ತಟ್ಟನ ಬಿಡಬ್ಯಾಡ್ರಿ. ಹಂಗ ಬಿಟ್ರ ಎದೀಗೆ ಪೆಟ್ಟು. ನಾ ಹೇಳಿದ ಹಂಗ ಸಾವಕಾಶ ಇಳಸೂಣು, ಬ್ಯಾರೇದು ಹಚ್ಚೂಣು."

ಆ ಇಳಿಸುವ ವಾರಗಳನ್ನು ಇವತ್ತಿಗೂ ಮರೆತಿಲ್ಲ. ಅರ್ಧ ಗುಳಿಗೆ, ಕಾಲು ಗುಳಿಗೆ. ಪ್ರತಿ ಸೋಮವಾರ ಬಿ.ಪಿ. ನೋಡಿಸುವುದು. ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ಮುಂದೆ ಹೋಗಿ ಬಾಯಿ ಒಂದು ಕಡೆ ವಾಲಿದೆಯೇ ನೋಡಿಕೊಳ್ಳುತ್ತಿದ್ದೆ, ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ, ಭೂಪಾಲ, ಭೂಪಾಲ ಎಂದು. ಒಂದು ದಿನ ಸುಲೋಚನಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನಗುತ್ತಾಳೆ ಎಂದುಕೊಂಡೆ. "ಭೂಪಾಲ ಅಂದದ್ದು ಛಲೋ ಕೇಳತ್ರಿ, ಎರಡೂ ಕಡಿ ಸಮಾ ಐತಿ" ಎಂದು ಹೇಳಿ ಚಹಾ ಇಟ್ಟು ಹೋದಳು. ಅವತ್ತಿನಿಂದ ದಿನಾ ಬೆಳಿಗ್ಗೆ ಅವಳೇ ಮೊದಲು ನನ್ನ ಹೆಸರು ಹೇಳಿ, ನನ್ನಿಂದ ಹೇಳಿಸಿ ಕೇಳತೊಡಗಿದಳು. ಗಂಡನ ಹೆಸರು ಬಾಯಿಂದ ಆಡದ ಮನೆತನ ಅವಳದು.

ಸಕ್ಕರೆ ಕಾಯಿಲೆ ಇರಲಿಲ್ಲ. ತಂಬಾಕು ಬಿಟ್ಟೆ, ಅದನ್ನು ಬಿಟ್ಟದ್ದಕ್ಕೆ ಯಾರೂ ಹಾರ ಹಾಕಲಿಲ್ಲ. ಹೊಸ ಗುಳಿಗೆ ಹಿಡಿಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ನಸುಕಿನಲ್ಲಿ ಎಚ್ಚರವಾದಾಗ ದೇಹ ತಾನಾಗಿಯೇ ತನ್ನ ಸುಳಿವು ಕೊಟ್ಟಿತು. ನಾನು ಹಾಸಿಗೆಯಲ್ಲಿ ಕುಳಿತು ಅತ್ತೆ. ಡಾಕ್ಟರಿಗೆ ಹೇಳಿದರೆ ಒಳ್ಳೆಯ ಲಕ್ಷಣ ಎಂದರು. ಆದರೆ ವ್ರತ ಇನ್ನೂ ಮೂರು ತಿಂಗಳಿತ್ತು!

"ಅದು ಸುಳ್ಳು ವ್ರತ" ಎಂದೆ ಸುಲೋಚನಾಳಿಗೆ.

"ನಿಮ್ಮದು ಸುಳ್ಳಿರಬಹುದು. ನಾ ತಲಿ ಅಲ್ಲಾಡಸಿದ್ದು ಖರೇ ಐತಿ. ಮುಗೀಲಿ" ಎಂದಳು.

ಆ ಮೂರು ತಿಂಗಳು ನಾವು ಅದನ್ನು ನಿಜವಾಗಿ ಪಾಲಿಸಿದೆವು. ಡಬ್ಬಿ ನಿಂತಿತು. ಹೊತ್ತು ಮುಳುಗುವ ಮೊದಲು ಮನೆಯಲ್ಲಿ ಉಂಡು, ಆ ಖಾಲಿ ತಾಸುಗಳಲ್ಲಿ ಅಂಗಳದಲ್ಲಿ ಕುಳಿತು ಮಾತಾಡಿದೆವು. ಅವಳು ತನ್ನ ಕಾಕಿಯ ಕಥೆ ಪೂರ್ತಿ ಹೇಳಿದಳು. ನಾನು ಬಾಳಗೊಂಡನ ಮಂಡಿನೋವಿನ ಕಥೆ ಹೇಳಿದೆ, ಅವಳು ಹೊಟ್ಟೆ ಹಿಡಿದು ನಕ್ಕಳು. ಆದರೆ ಒಳಗೆ ಅಂಜಿಕೆ ಹೋಗಿರಲಿಲ್ಲ. ಸೋತರೆ ಈ ಸಲ ಮರೆಯಾಗಲು ಏನೂ ಉಳಿದಿರಲಿಲ್ಲ.

ಆ ವರ್ಷ ಅದೇ ಮುನಿಗಳ ಚಾತುರ್ಮಾಸ ಕೃಷ್ಣೆಯ ದಂಡೆಯ ಮ್ಹೈಸಾಳದಲ್ಲಿ. ದಶಲಕ್ಷಣದ ಕೊನೆಯ ದಿನ ಇಬ್ಬರೂ ಮೋಟರ್‌ಸೈಕಲ್ಲಿನ ಮೇಲೆ ಹೋದೆವು. ಸಭೆಗೆ ಮೊದಲು ನಾನು ಮುನಿಗಳ ಮುಂದೆ ಕುಳಿತು, ಹೋದ ವರ್ಷ ಅಂಜಿ ಸುಳ್ಳು ವ್ರತ ಹಿಡಿದೆ, ಪ್ರಾಯಶ್ಚಿತ್ತ ಕೊಡಿ ಎಂದೆ. ಕಾರಣವನ್ನೂ ಹೇಳಿದೆ. ಅವರು ಕೇಳಿ, "ಹೆಣ್ತಿ ಮುಂದ ಹೇಳೀಯೇನು?" ಎಂದರು. ಹೇಳಿದ್ದೇನೆ ಎಂದೆ. "ಹಂಗಾದ್ರ ದೊಡ್ಡ ಪ್ರಾಯಶ್ಚಿತ್ತ ಆಗೇತಿ. ಮೂರು ಜಪಮಾಲಿ ಮಾಡು, ಹೋಗು" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಭೆಯಲ್ಲಿ ನಮ್ಮೂರಿನ ಹಿರಿಯರೊಬ್ಬರು ಮೈಕು ಹಿಡಿದು, ಮಾಲಗಾಂವದ ಭೂಪಾಲಣ್ಣನ ಒಂದು ವರ್ಷದ ವ್ರತ ಇವತ್ತು ಮುಗಿಯಿತು, ಇನ್ನು ಆಜೀವನ ತೆಗೆದುಕೊಂಡು ಸಮಾಜಕ್ಕೆ ಆದರ್ಶವಾಗಬೇಕು ಎಂದುಬಿಟ್ಟರು. ಜಯಕಾರ ಎದ್ದಿತು. ಯಾರೋ ನನ್ನ ಕೈಗೆ ತೆಂಗಿನಕಾಯಿ ತುರುಕಿದರು. ನಾನು ಎದ್ದು ನಿಂತೆ. ಒಂದು ಗಳಿಗೆ, ಸುಳ್ಳು ಹೇಳಲಾರೆ, ಹೂಂ ಅಂದುಬಿಡಲೇ ಅನ್ನಿಸಿತು. ಮತ್ತೆ ಪರೀಕ್ಷೆಯಿಲ್ಲ, ಸೋಲಿಲ್ಲ, ಜನ್ಮಪೂರ್ತಿ ಬಚಾವು. ಮುನಿಗಳು ನನ್ನ ಕಡೆ ನೋಡಲಿಲ್ಲ. ಹೆಂಗಸರ ಬದಿಗೆ ನೋಡಿದರು.

ಸುಲೋಚನಾ ಎದ್ದು ನಿಂತಳು. ಈ ಸಲ ತಲೆ ಅಲ್ಲಾಡಿಸಲಿಲ್ಲ, ಬಾಯಿಂದಲೇ ಹೇಳಿದಳು.

"ಇಲ್ಲರಿ ಮಹಾರಾಜ. ಹಿಡದದ್ದು ಮುಗೀತು. ಮುಂದಿಂದಕ್ಕ ನನ್ನ ಸಮ್ಮತಿ ಇಲ್ಲ."

ಹೆಂಗಸರ ಬದಿಯಲ್ಲಿ ಮೊದಲು ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ. ಮುನಿಗಳ ಮುಖದಲ್ಲೂ ನಗು ಬಂತು. ಆಶೀರ್ವಾದಕ್ಕೆ ಕೈ ಎತ್ತಿ, "ಧರ್ಮದ ಮಾತು ಐತಿ. ಕುಂದ್ರಪಾ ಭೂಪಾಲ" ಎಂದರು. ನಾನು ಕುಳಿತೆ.

ಆಮೇಲೆ ಎಲ್ಲ ಸರಿಹೋಯಿತೇ ಎಂದು ಆ ಗಂಧಕದವನು ಕೇಳಬಹುದು. ಬಹುಮಟ್ಟಿಗೆ ಹೋಯಿತು, ಪೂರ್ತಿ ಎಂದರೆ ಸುಳ್ಳು. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ, ಆಗದ ದಿನ ಹರಟೆ ಹೊಡೆಯುತ್ತೇವೆ. ತಮ್ಮಾ, ನೀನು ಮತ್ತೆ ಬಂದರೆ ನಿನಗೆ ಗಂಧಕ ಕೊಡುವುದಿಲ್ಲ. ಒಳಗೆ ಕೂರಿಸಿ, ಏನು ಗುಳಿಗೆ, ಯಾವಾಗಿನಿಂದ ಎಂದು ಕೇಳುತ್ತೇನೆ. ನಿನ್ನ ಡಾಕ್ಟರ ಮುಂದೆ ಏನು ಹೇಳಬೇಕೆಂದು ಕಲಿಸುತ್ತೇನೆ. ಆ ಗುಳಿಗೆಯನ್ನು ನೀನಾಗಿ ಬಿಡಬೇಡ.

ಅವತ್ತು ಮ್ಹೈಸಾಳದಿಂದ ತಿರುಗಿ ಬರುವಾಗ ಬಿಸಿಲು ಇಳಿದಿತ್ತು, ಎರಡೂ ಕಡೆ ಕಬ್ಬು. ಹೊತ್ತು ಮುಳುಗುವುದರೊಳಗೆ ಮನೆ ಸೇರಿ ಉಣ್ಣಬೇಕೆಂದು ನಾನು ಗಾಡಿ ಜೋರಾಗಿ ಬಿಟ್ಟಿದ್ದೆ. ಸುಲೋಚನಾ ಹಿಂದಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟಳು.

"ವ್ರತ ಮುಗೀತಲ್ಲ, ಅಂಜಿಕಿ ಬರಾಕತ್ತೈತೇನ್ರಿ?"

ಇಲ್ಲ ಎನ್ನಲು ಬಾಯಿ ತೆರೆದೆ. ಒಂದು ವರ್ಷಕ್ಕೂ ಮೇಲೆ ಎಲ್ಲರಿಗೂ ಅದನ್ನೇ ಹೇಳಿದ್ದೆ.

"ಹೂಂ" ಎಂದೆ. "ಭಾಳ ಬರಾಕತ್ತೈತಿ."

"ನನಗೂ" ಎಂದಳು, ಇನ್ನಷ್ಟು ಹತ್ತಿರ ಸರಿದು ಕುಳಿತಳು.